ನಾಲ್ಕನೇ ಮಹಡಿಯ ಚಹಾ, ಹೊಯ್ಗೆಕೊಪ್ಪಲಿನ ಕಡಲು

ಹೊಯ್ಗೆಕೊಪ್ಪಲಿನಲ್ಲಿ ತನಿಯಪ್ಪನೆಂದರೆ ದೊಡ್ಡ ಹೆಸರು. ದಿಲ್ಲಿಯ ಕಡಲಾಫೀಸಿನಲ್ಲಿ ಇರುವವನು. ಅರಬ್ಬಿ ಸಮುದ್ರ ಯಾವಾಗ ಏಳುತ್ತದೆ, ಯಾವಾಗ ಮಲಗುತ್ತದೆ ಎಂದು ತಿಳಿದವನು. ಅವನು ಹೋಗಬಹುದು ಎಂದರೆ ದೋಣಿ ನೀರಿಗಿಳಿಯುತ್ತದೆ, ಬೇಡ ಎಂದರೆ ಮರಳಿನ ಮೇಲೆಯೇ ಉಳಿಯುತ್ತದೆ. ಊರಿನ ಮದುವೆ ಕಾಗದಗಳಲ್ಲಿ ಸುಖಾಗಮನ ಬಯಸುವವರ ಸಾಲಿನಲ್ಲಿ ಅವನ ಹೆಸರಿನ ಪಕ್ಕ 'ನವದೆಹಲಿ' ಎಂದು ಬೇರೆ ಅಚ್ಚಾಗುತ್ತದೆ. ಅದೇ ದಿಲ್ಲಿಯಲ್ಲಿ, ಅದೇ ಆಫೀಸಿನಲ್ಲಿ, ತನಿಯಪ್ಪನೆಂದರೆ ನೆಲಮಹಡಿಯ ಕ್ಯಾಂಟೀನಿನ 'ಅನ್ನಾ'. ಬೆಳಿಗ್ಗೆ ಇಡ್ಲಿ ವಡೆ, ಮಧ್ಯಾಹ್ನ ರಾಜ್ಮಾ ಚಾವಲ್, ದಿನವಿಡೀ ಚಹಾ. ಕಡಲಿಗೂ ಅವನಿಗೂ ಇರುವ ಸಂಬಂಧ ಇಷ್ಟೇ: ಕಡಲಿನ ಲೆಕ್ಕ ಹಾಕುವವರಿಗೆ ಅವನು ಚಹಾ ಕುಡಿಸುತ್ತಾನೆ.

ಇದರಲ್ಲಿ ಮೋಸವಿಲ್ಲವೇ ಎಂದರೆ, ಇದೆ. ಆದರೆ ಬೇಕೆಂದು ಮಾಡಿದ ಮೋಸವಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಕರೋಲ್ ಬಾಗಿನ ಒಂದು ಉಡುಪಿ ಹೋಟೆಲಿಗೆ ದೋಸೆ ಹುಯ್ಯಲು ಬಂದವನು ಅವನು. ಹತ್ತು ವರ್ಷ ಕಳೆದ ಮೇಲೆ ಹೋಟೆಲಿನ ಯಜಮಾನರು ಈ ಆಫೀಸಿನ ಕ್ಯಾಂಟೀನು ಹಿಡಿದಾಗ ಅವನನ್ನು ಇಲ್ಲಿಗೆ ಕಳಿಸಿದರು. ಯಾವ ಆಫೀಸು, ಏನು ಕೆಲಸ ಎಂದು ಅವನು ಕೇಳಲಿಲ್ಲ. ಆರು ತಿಂಗಳ ಮೇಲೆ ಒಂದು ದಿನ ಗೋಡೆಯ ಮೇಲಿನ ನೀಲಿ ನಕ್ಷೆಯಲ್ಲಿ 'ಮಂಗಳೂರು' ಎಂಬ ಅಕ್ಷರ ಕಂಡು ನಿಂತುಬಿಟ್ಟ. ಕಡಲಿನಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಕುಳಿತು ಇವರು ಕಡಲನ್ನೇ ನೋಡುತ್ತಿದ್ದಾರಲ್ಲ ಎಂದು ಅವನಿಗೆ ನಗು ಬಂತು.

ಆ ವರ್ಷ ರಜೆಗೆ ಊರಿಗೆ ಹೋದಾಗ ತಂಗಿ ಲೋಲಾಕ್ಷಿಯ ಗಂಡ, ದೋಣಿಯ ಮನುಷ್ಯ, ಊಟದ ನಡುವೆ ಕೇಳಿದ: "ಭಾವ, ಈಗ ಎಲ್ಲಿ ಕೆಲಸ?"

"ಕಡಲಿನ ಆಫೀಸಿನಲ್ಲಿ."

"ಹಾಗಾದ್ರೆ ನಿಮಗೆ ಕಡಲಿನ ವಿಷಯ ಗೊತ್ತಾಗ್ತದಾ?"

"ಸ್ವಲ್ಪ ಗೊತ್ತಾಗ್ತದೆ," ಎಂದ ತನಿಯಪ್ಪ. ಬಾಯಲ್ಲಿ ಮೀನಿನ ಮುಳ್ಳಿತ್ತು, ಹೆಚ್ಚು ಹೇಳಲಾಗಲಿಲ್ಲ. ಆ 'ಸ್ವಲ್ಪ' ಅವನ ತಲೆಯ ಮೇಲೆ ಇಪ್ಪತ್ತೇಳು ವರ್ಷದಿಂದ ಕೂತಿದೆ.

ದಿಲ್ಲಿಗೆ ಮರಳಿದ ತಿಂಗಳಲ್ಲೇ ಲೋಲಾಕ್ಷಿಯ ಗಂಡ, ಆ ಭಾವ, ಎಸ್‌ಟಿಡಿ ಬೂತಿನಿಂದ ಫೋನು ಮಾಡಿ, ನಾಳೆ ಕಡಲಿಗೆ ಇಳಿಯಬಹುದೇ ಎಂದು ಕೇಳಿದ. ತನಿಯಪ್ಪನಿಗೆ ತಲೆಬುಡ ಗೊತ್ತಿಲ್ಲ. ಆದರೆ ಆ ಬೆಳಿಗ್ಗೆ ನಾಲ್ಕನೇ ಮಹಡಿಯಿಂದ ಮೂರು ಸಲ ಚಹಾಕ್ಕೆ ಹೇಳಿಕಳಿಸಿದ್ದರು. ಕೆಟಲ್ ಹಿಡಿದು ಹೋದಾಗ ಯಾರೂ ಅವನತ್ತ ತಿರುಗಿ ನೋಡಿರಲಿಲ್ಲ. ಏನೋ ಸರಿಯಿಲ್ಲ ಅನ್ನಿಸಿ, "ಎರಡು ದಿನ ಬೇಡ ಭಾವ," ಎಂದುಬಿಟ್ಟ. ಮಾರನೆಯ ಮಧ್ಯಾಹ್ನ ಹೊಯ್ಗೆಕೊಪ್ಪಲಿನ ಮೇಲೆ ಗಾಳಿ ಎದ್ದು ಹಂಚು ಹಾರಿತು. ಪಕ್ಕದ ಊರಿನ ಎರಡು ದೋಣಿ ಮಗುಚಿದವು, ಹೊಯ್ಗೆಕೊಪ್ಪಲಿನದು ಒಂದೂ ಇಲ್ಲ. ಅಂದಿನಿಂದ ತನಿಯಪ್ಪ ಕಡಲಾಫೀಸಿನ ಆಫೀಸರ.

ಅವನ ವಿದ್ಯೆ ಪೂರ್ತಿ ಚಹಾದ್ದು. ನಾಲ್ಕನೇ ಮಹಡಿಯಲ್ಲಿ ಎರಡು ದೊಡ್ಡ ಕೋಣೆಗಳು. ಮೂಡಣ ಕೋಣೆಯವರು ಬಂಗಾಳ ಕೊಲ್ಲಿಯನ್ನು ನೋಡುತ್ತಾರೆ, ಪಡುವಣ ಕೋಣೆಯವರು ಅರಬ್ಬಿ ಸಮುದ್ರವನ್ನು. ಪಡುವಣ ಕೋಣೆಗೆ ಹನ್ನೊಂದಕ್ಕೆ ಎಂಟು ಚಹಾ, ನಾಲ್ಕಕ್ಕೆ ಎಂಟು ಚಹಾ ಹೋದರೆ ಕಡಲು ಸುಖವಾಗಿದೆ. ಹನ್ನೆರಡು ಹೋದರೆ ಗಾಳಿ ಇದೆ, ದೂರ ಹೋಗಬೇಡಿ. ಬೆಳಿಗ್ಗೆ ಹತ್ತಕ್ಕೆ ಮೊದಲೇ ಕೇಳಿದರೆ ದೋಣಿ ಇಳಿಸಲೇಬೇಡಿ. ಆ ಕೋಣೆಯ ದೊಡ್ಡ ಸಾಹೇಬರಿಗೆ ಸಕ್ಕರೆ ಕಾಯಿಲೆ, ಅವರದು ಯಾವತ್ತೂ ಸಪ್ಪೆ ಚಹಾ. ಅವರು ಎಂದಾದರೂ "ಅನ್ನಾ, ಆಜ್ ಚೀನಿ ಡಾಲ್ ದೋ" ಎಂದು ಸಕ್ಕರೆ ಕೇಳಿದರೆ, ದೋಣಿಗಳನ್ನು ತೆಂಗಿನ ಸಾಲಿನವರೆಗೆ ಎಳೆದುಹಾಕಿ ಹಗ್ಗ ಕಟ್ಟಬೇಕು. ಈ ಶಾಸ್ತ್ರ ತಿಳಿದದ್ದು ಅವನ ಹೆಂಡತಿ ವಸಂತಿಗೆ ಮಾತ್ರ. "ಕಡಲಿಗೆ ಸಕ್ಕರೆ ಕಾಯಿಲೆ ಬಂದ್ರೆ ನೀವೇ ಡಾಕ್ಟ್ರು," ಎಂದು ಅವಳು ಹಂಗಿಸುತ್ತಿದ್ದಳು.

ನಗುವವರು ನಗಲಿ. ಆಫೀಸಿನವರು ಕಡಲು ನೋಡಿ ಚಹಾ ಕುಡಿಯುತ್ತಿದ್ದರು, ತನಿಯಪ್ಪ ಚಹಾ ನೋಡಿ ಕಡಲು ತಿಳಿಯುತ್ತಿದ್ದ. ಸುಮಾರು ಇಪ್ಪತ್ತು ವರ್ಷ ಈ ಶಾಸ್ತ್ರ ಕೈಕೊಡಲಿಲ್ಲ. ನಾಲ್ಕೈದು ಸಲ ಸುಮ್ಮಸುಮ್ಮನೆ ದೋಣಿ ನಿಲ್ಲಿಸಿದ್ದುಂಟು. ಅದು ಯಾರದೋ ಬಡ್ತಿಯ ಸಂತೋಷಕ್ಕೋ ಯಾರದೋ ಮಗಳ ಮದುವೆಯ ಸುದ್ದಿಗೋ ಹೆಚ್ಚಿದ ಚಹಾ. ಅದರಿಂದ ಊರಿಗೆ ಒಂದು ದಿನದ ಮೀನು ಹೋಯಿತು, ಜೀವ ಹೋಗಲಿಲ್ಲ.

ಮೊದಮೊದಲು ಪಡುವಣ ಕೋಣೆಯವರ ಬದುಕು ಹಾಯಾದದ್ದು. ಬಿರುಗಾಳಿ ಏನಿದ್ದರೂ ಹೆಚ್ಚಿನ ಪಾಲು ಮೂಡಣದವರಿಗೆ. ಮೇ ತಿಂಗಳಲ್ಲಿ, ದೀಪಾವಳಿಯ ಆಚೀಚೆ, ಅವರು ಕೆಟಲ್‌ಗಟ್ಟಲೆ ಕುಡಿಯುವಾಗ ಇವರು ಎಂಟು ಲೋಟದಲ್ಲೇ ಇರುತ್ತಿದ್ದರು. ಆಮೇಲೆ, ಹತ್ತು ವರ್ಷದಿಂದೀಚೆಗೆ, ಪಡುವಣ ಕೋಣೆಯೂ ಕುಡಿಯತೊಡಗಿತು. ಎಂಟು ಹೋಗಿ ಹದಿನಾಲ್ಕಾಯಿತು, ಇಪ್ಪತ್ತಾಯಿತು. ಆ ಕೋಣೆಗೆಂದೇ ಎರಡು ಲೀಟರ್ ಹಾಲು ಸಾಲದೆ ಐದು ತರಿಸಬೇಕಾಯಿತು. ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ, ಅದರ ಮೇಲೆ ಹುಟ್ಟಿದ ಗಾಳಿ ಮೊದಲಿಗಿಂತ ಬೇಗ ಬಲಿಯುತ್ತಿದೆ ಎಂದು ದೊಡ್ಡವರು ಏನೇನು ಬರೆದರೋ ತನಿಯಪ್ಪ ಓದಿಲ್ಲ. ಅವನ ಹಾಲಿನ ಪಾತ್ರೆ ಅದನ್ನೇ ಹೇಳುತ್ತಿತ್ತು.

ಕೆಟ್ಟದ್ದು ಏನೆಂದರೆ, ಚಹಾ ಹೆಚ್ಚಾದ ಹಾಗೆ ಅದರ ಅರ್ಥ ಹೋಯಿತು. ದಿನವೂ ಹತ್ತಕ್ಕೆ ಮೊದಲೇ ಚಹಾ ಬೇಕು ಎಂದರೆ ದಿನವೂ ದೋಣಿ ನಿಲ್ಲಿಸಲಾಗುತ್ತದೆಯೇ? ಸಪ್ಪೆ ಚಹಾದ ಸಾಹೇಬರು ನಿವೃತ್ತರಾದರು. ಅವರ ಜಾಗಕ್ಕೆ ಬಂದವರು ಬಿಸಿನೀರಿನಲ್ಲಿ ಹಸಿರು ಪೊಟ್ಟಣ ಅದ್ದಿ ಕುಡಿಯುವವರು, ಅದರಲ್ಲಿ ಯಾವ ಕಡಲೂ ಕಾಣಿಸಲಿಲ್ಲ. ಈ ವರ್ಷ ಮಾರ್ಚಿನಲ್ಲಿ ನಾಲ್ಕನೇ ಮಹಡಿಗೆ ಚಹಾದ ಮೆಷಿನ್ ಬಂತು. ಗುಂಡಿ ಒತ್ತಿದರೆ ಕಾಗದದ ಲೋಟಕ್ಕೆ ಏನೋ ಕಂದು ನೀರು ಸುರಿಯುತ್ತದೆ. ಆ ದಿನದಿಂದ ತನಿಯಪ್ಪ ಕುರುಡನಾದ.

ಏನೇನೋ ನೆವ ಹೇಳಿ ಅವನು ಲಿಫ್ಟ್ ಹತ್ತಿ ನಾಲ್ಕನೇ ಮಹಡಿಗೆ ಹೋಗುತ್ತಿದ್ದ. ಖಾಲಿ ಲೋಟ ಉಂಟಾ, ಸಮೋಸ ಬೇಕಾ ಎಂದು ಕೇಳುತ್ತ ಮುಖಗಳನ್ನು ನೋಡುತ್ತಿದ್ದ. ಎಲ್ಲ ಮುಖಗಳೂ ಎಲ್ಲ ದಿನವೂ ಒಂದೇ ರೀತಿ, ನಿದ್ದೆಗೆಟ್ಟವರ ಹಾಗೆ. ಆತಂಕ ಹಬ್ಬದೂಟದಂತೆ ಅಪರೂಪಕ್ಕೆ ಬಂದರೆ ಗುರುತು ಹಿಡಿಯಬಹುದು, ದಿನದ ಅನ್ನವಾದರೆ ಹೇಗೆ ಹಿಡಿಯುವುದು ಎಂದು ಅವನಿಗೆ ತಿಳಿಯಲಿಲ್ಲ.

ಊರಿಗೆ ನಿಜ ಹೇಳಿಬಿಡಬಹುದಿತ್ತು. ಹೇಳಲೇಬೇಕೆಂದು ದಿನ ಬೆಳಿಗ್ಗೆ ಎದ್ದ. ಮಯೂರ್ ವಿಹಾರಿನ ಮೂರನೇ ಮಹಡಿಯ ಬಾಡಿಗೆ ಫ್ಲಾಟಿನಲ್ಲಿ ಐದೂವರೆಗೆ ಫೋನು ಬರುತ್ತದೆ. ಆ ಕಡೆ ಇರುವುದು ಲೋಲಾಕ್ಷಿಯ ಒಬ್ಬನೇ ಮಗ ಹಿತೇಶ. ಭಾವ ಕಾಯಿಲೆಯಲ್ಲಿ ತೀರಿಕೊಂಡು ಆರು ವರ್ಷವಾಯಿತು, ಈಗ ದೋಣಿ ಅವನದು. ಅವನ ಸುತ್ತ ಬೇರೆ ಹತ್ತು ದೋಣಿಯವರು ನಿಂತಿರುತ್ತಾರೆ, ಅವರ ಕೆಮ್ಮು ಫೋನಿನಲ್ಲಿ ಕೇಳಿಸುತ್ತದೆ. "ಮಾವ, ಇವತ್ತು?" ಎಂದು ಹಿತೇಶ ಕೇಳುತ್ತಾನೆ. ಆ ಎರಡು ಮಾತಿನ ಎದುರು ತನಿಯಪ್ಪ ನಿಜ ಬಿಟ್ಟು ಅಂದಾಜಿಗೆ ಏನೋ ಹೇಳಿಬಿಡುತ್ತಾನೆ. ನಾಚಿಕೆಯಾಗುತ್ತಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಐವತ್ತೆಂಟು ವರ್ಷದ ಮನುಷ್ಯ, ಊರಿನಲ್ಲಿ ಆಫೀಸರನಾಗಿ ಬಾಳಿದವನು, ನಾನು ಲೋಟ ತೊಳೆಯುವವನು ಎಂದು ಫೋನಿನಲ್ಲಿ ಹೇಗೆ ಹೇಳುತ್ತಾನೆ?

ಗುರುಗ್ರಾಮದಲ್ಲಿ ಕೆಲಸ ಮಾಡುವ ಮಗಳು ರಶ್ಮಿತಾ ಒಂದು ಭಾನುವಾರ ಇದನ್ನೆಲ್ಲ ಕೇಳಿ, "ಪಪ್ಪಾ, ಮೊಬೈಲಲ್ಲಿ ಆ್ಯಪ್ ಉಂಟಲ್ಲ, ಉಸ್‌ಮೇ ಸಬ್ ಆತಾ ಹೈ, ಎಲ್ಲ ಬರ್ತದೆ. ಅವರೇ ನೋಡ್ಲಿ," ಎಂದಳು. ಅವರು ನೋಡದೆ ಇಲ್ಲ. ಎಚ್ಚರಿಕೆ ಎಲ್ಲರ ಮೊಬೈಲಿಗೂ ಬರುತ್ತದೆ, ಒಮ್ಮೆ ಹಳದಿ, ಒಮ್ಮೆ ಕಿತ್ತಳೆ. ಮೊದಲು ವರ್ಷಕ್ಕೆ ನಾಲ್ಕು ಬರುತ್ತಿದ್ದದ್ದು ಈಗ ವಾರಕ್ಕೆ ಎರಡು. ಎಲ್ಲಕ್ಕೂ ದೋಣಿ ನಿಲ್ಲಿಸಿ ಕೂತರೆ ಮನೆಯ ಒಲೆ ಉರಿಯಬೇಕಲ್ಲ. ಅದಕ್ಕೇ ಆ ಬಣ್ಣಗಳಲ್ಲಿ ಯಾವುದು ನಿಜವಾಗಿ ಕಚ್ಚುವ ಬಣ್ಣ ಎಂದು ಕೇಳಲು ಅವರಿಗೆ ಒಳಗಿನ ಮನುಷ್ಯ ಬೇಕಿತ್ತು.

ಊರಿನ ಕಡೆಯ ಗೊಂದಲವೂ ಕಡಿಮೆಯದ್ದಲ್ಲ. "ಹಿರಿಯರು ಹೇಳಿದ ಗುರುತು ಒಂದೂ ಸರಿ ಬರುದಿಲ್ಲ ಮಾವ," ಎನ್ನುತ್ತಿದ್ದ ಹಿತೇಶ. "ನೀರಿನ ಬಣ್ಣ ನೋಡಿ ಬಲೆ ಬೀಸ್ತಿದ್ರು. ಈಗ ಬಣ್ಣ ಉಂಟು, ಬೂತಾಯಿ ಮೀನು ಇಲ್ಲ. ಕೈ ಹಾಕಿದ್ರೆ ನೀರು ಬೆಚ್ಚಗೆ. ಒಂದೊಂದು ದಿನ ಬಲೆ ತುಂಬ ಲೋಳೆಮೀನು, ಮೈಯೆಲ್ಲ ತುರಿಕೆ." ಲೋಲಾಕ್ಷಿಯ ಮನೆಗೂ ಕಡಲಿಗೂ ನಡುವೆ ಒಂದು ಕಾಲದಲ್ಲಿ ಮೂರು ಸಾಲು ತೆಂಗಿತ್ತು, ಅದರಾಚೆ ಮೀನು ಒಣಗಿಸುವ ಮರಳಿನ ಅಂಗಳ. ಅಂಗಳ ಹೋಯಿತು, ಎರಡು ಸಾಲು ತೆಂಗೂ ಹೋಯಿತು. ಸರಕಾರದವರು ತಂದು ಸುರಿದ ಕರಿಕಲ್ಲು ಕೂಡ ವರ್ಷ ವರ್ಷಕ್ಕೆ ಇಷ್ಟಿಷ್ಟೇ ಕುಸಿಯುತ್ತಿತ್ತು. ಮನೆಯನ್ನು ಹಿಂದಕ್ಕೆ ಸರಿಸಿ ಕಟ್ಟು ಎಂದರೆ ಹಿಂದೆ ರಸ್ತೆ, ರಸ್ತೆಯ ಹಿಂದೆ ಹೊಳೆ. ತನಿಯಪ್ಪ ಮೆಟ್ರೋದಲ್ಲಿ ಕುಳಿತು ಇದನ್ನೆಲ್ಲ ಯೋಚಿಸುತ್ತಿದ್ದ. ಕೆಳಗೆ ಯಮುನೆ ಬಿಳಿ ನೊರೆ ಹೊತ್ತು ಸಾಗುತ್ತಿದ್ದಳು. ಅದನ್ನೂ ನೀರು ಎನ್ನುವುದೋ ಬೇಡವೋ ಎಂದು ಅವನು ಎಂದೂ ತೀರ್ಮಾನಿಸಿರಲಿಲ್ಲ.

ಮೇ ತಿಂಗಳ ಎರಡನೇ ವಾರ. ದಿಲ್ಲಿಯಲ್ಲಿ ಬೆಳಿಗ್ಗೆ ಐದೂವರೆಗೇ ಗೋಡೆ ಮುಟ್ಟಿದರೆ ಬಿಸಿ. ಫೋನು ಬಂತು.

"ಮಾವ, ಮೊಬೈಲಿಗೆ ಮೆಸೇಜ್ ಬಂದದೆ. ಇವತ್ತು ದಡದಲ್ಲಿ ಅಲೆ ಏಳ್ತದಂತೆ. ಇಲ್ಲಿ ನೋಡಿದ್ರೆ ಗಾಳಿ ಇಲ್ಲ, ಮೋಡ ಇಲ್ಲ, ಕಡಲು ತಟ್ಟೆಯ ಹಾಗೆ ಮಲಗಿದೆ. ಇದು ಎಂತ ಲೆಕ್ಕ?"

ತನಿಯಪ್ಪ ನಿನ್ನೆಯನ್ನು ನೆನಪು ಮಾಡಿಕೊಂಡ. ನಿನ್ನೆ ಪಡುವಣ ಕೋಣೆಗೆ ಬೀಗ. ದೀಪ ಇಲ್ಲ, ಮುಖ ಇಲ್ಲ, ಬಾಗಿಲ ಬಳಿಯ ಕಸದ ಬುಟ್ಟಿಯಲ್ಲಿ ಒಂದು ಕಾಗದದ ಲೋಟವೂ ಇಲ್ಲ. ಎಷ್ಟೋ ದಿನದ ಮೇಲೆ ಅವನಿಗೆ ಒಂದು ಗುರುತು ಸಿಕ್ಕಿತ್ತು, ಅದೂ ಇಷ್ಟು ಸ್ಪಷ್ಟವಾಗಿ. ಕಡಲಿನಲ್ಲಿ ಏನಾದರೂ ಇದ್ದರೆ ಇಡೀ ಕೋಣೆ ಬೀಗ ಹಾಕಿ ರಜೆ ಹೋಗುತ್ತದೆಯೇ? ಕುರುಡನಿಗೆ ಕಣ್ಣು ಬಂದ ಸಂತೋಷ ಅವನಿಗೆ.

"ಏನೂ ಇಲ್ಲ ಮಗಾ. ಧೈರ್ಯವಾಗಿ ಹೋಗು," ಎಂದ. ಅಷ್ಟಕ್ಕೇ ಸುಮ್ಮನಾಗದೆ, "ಆಫೀಸಿನಲ್ಲಿ ನಾನೇ ನೋಡಿದ್ದೇನೆ," ಎಂದೂ ಸೇರಿಸಿದ.

ಹತ್ತು ಗಂಟೆಗೆ ಕ್ಯಾಂಟೀನಿಗೆ ಅಪೂರ್ವಾ ಮೇಡಂ ಬಂದರು. ಪಡುವಣ ಕೋಣೆಗೆ ಹೊಸದಾಗಿ ಸೇರಿದ ಮೈಸೂರಿನ ಹುಡುಗಿ. ಕನ್ನಡ ಕೇಳಿಸಿಕೊಳ್ಳಲೆಂದೇ ಆಗಾಗ ಕೆಳಗಿಳಿದು ಬರುವವರು. ಕಣ್ಣು ಕೆಂಪಾಗಿತ್ತು.

"ಒಂದು ಒಳ್ಳೇ ಚಹಾ ಕೊಡಿ ತನಿಯಪ್ಪಣ್ಣ. ಆ ಮೆಷಿನ್ನಿನದು ಸಾಕಾಗಿದೆ. ಎಲ್ಲರೂ ಗುರುಗ್ರಾಮದ ಹೋಟೆಲಲ್ಲಿ ಎರಡು ದಿನದ ಮೀಟಿಂಗಿಗೆ ಹೋಗಿದ್ದಾರೆ, ಅಲ್ಲಿಂದಲೇ ಕೆಲಸ. ನಾನೊಬ್ಬಳು ಎರಡನೇ ಮಹಡೀಲಿ ಕೂತಿದ್ದೀನಿ. ನಮ್ಮ ಕೋಣೇಲಿ ಎಸಿ ಕೆಟ್ಟಿದೆ, ಅದಕ್ಕೇ ಬೀಗ."

ತನಿಯಪ್ಪ ಸೌಟು ಕೆಳಗಿಟ್ಟ. "ರಜೆ ಅಲ್ವಾ ಮೇಡಂ?"

"ರಜೆ ಎಲ್ಲಿಂದ? ಇವತ್ತು ನಿಮ್ಮ ಕರಾವಳೀಲಿ ಅಲೆ ಏರುತ್ತೆ. ಮಧ್ಯಾಹ್ನ ನೀರೇರುವ ಭರತದ ಹೊತ್ತಿಗೆ ಜಾಸ್ತಿ. ಮೊನ್ನೆಯೇ ಎಚ್ಚರಿಕೆ ಕಳಿಸಿದ್ದೀವಿ."

"ಅಲ್ಲಿ ಗಾಳಿಯೇ ಇಲ್ಲವಂತೆ. ಮೋಡವೂ ಇಲ್ಲ."

"ಗಾಳಿ ಅಲ್ಲಿಯದಲ್ಲ. ವಾರದ ಹಿಂದೆ ದಕ್ಷಿಣ ಧ್ರುವದ ಹತ್ತಿರ ಬಿರುಗಾಳಿ ಎದ್ದಿತ್ತು. ಆ ಅಲೆಗಳು ಸಾವಿರಾರು ಕಿಲೋಮೀಟರು ನಡೆದು ಇವತ್ತು ಬಂದು ಮುಟ್ಟುತ್ತವೆ. ಆಕಾಶ ನೋಡಿದ್ರೆ ಏನೂ ಗೊತ್ತಾಗಲ್ಲ."

ತನಿಯಪ್ಪನಿಗೆ ಇದು ತಲೆಗೇ ಹೋಗಲಿಲ್ಲ. ಯಾರೋ ಎಲ್ಲೋ ಹೊಡೆದ ಪೆಟ್ಟಿಗೆ ಹೊಯ್ಗೆಕೊಪ್ಪಲು ಯಾಕೆ ಅಳಬೇಕು? "ಇದು ಆ ಕಡಲು ಬಿಸಿಯಾದದ್ದರಿಂದಲಾ ಮೇಡಂ?"

"ಇಂಥ ಅಲೆ ಮೊದಲೂ ಬರ್ತಿತ್ತು," ಎಂದರು ಅಪೂರ್ವಾ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು. "ಈಗ ಕಡಲಿನ ಮಟ್ಟ ಸ್ವಲ್ಪ ಏರಿದೆ, ದಡ ಸವೆದಿದೆ, ಅದಕ್ಕೇ ಹೆಚ್ಚು ಒಳಗೆ ನುಗ್ಗುತ್ತೆ. ಒಂದೊಂದು ಅಲೆ ಯಾತರಿಂದ ಅಂತ ಬಿಡಿಸಿ ಹೇಳೋದು ಕಷ್ಟ. ನಮಗೂ ಪೂರ್ತಿ ಗೊತ್ತಿಲ್ಲ."

ಇಷ್ಟು ಓದಿದವರು ಇಷ್ಟು ಸುಲಭವಾಗಿ 'ಗೊತ್ತಿಲ್ಲ' ಎನ್ನುತ್ತಾರಲ್ಲ ಎಂದು ಆ ಗಾಬರಿಯಲ್ಲೂ ಅವನಿಗೆ ಆಶ್ಚರ್ಯವಾಯಿತು. "ದೋಣಿ ಹೊರಗೆ ಹೋಗಿದ್ದರೆ?" ಎಂದು ಕೇಳಿದ.

"ಆಳದಲ್ಲಿ ಇದ್ದಷ್ಟು ಹೊತ್ತು ಅಷ್ಟು ಭಯ ಇಲ್ಲ. ದಡಕ್ಕೆ ಬರುವಾಗಲೇ ಅಪಾಯ. ಅಲೆ ಒಡೆಯೋದು ಅಲ್ಲೇ. ಯಾಕೆ, ಯಾರಾದ್ರೂ ಹೋಗಿದ್ದಾರಾ?"

ಹಿತೇಶ ಹನ್ನೊಂದೂವರೆಗೆ ಹಿಂದಿರುಗುವವನು. ಹನ್ನೊಂದು ದೋಣಿ, ಒಂದೊಂದರಲ್ಲಿ ಮೂವರು. ತನಿಯಪ್ಪ ಏಪ್ರನ್ನಿಗೆ ಕೈ ಒರೆಸಿ ಮೊಬೈಲು ತೆಗೆದ. ಫೋನು ಹಚ್ಚಿದರೆ ಸಂಪರ್ಕದ ಹೊರಗೆ ಎಂದಿತು. ಮತ್ತೆ ಹಚ್ಚಿದ, ಮತ್ತೆ ಅದೇ. ಲೋಲಾಕ್ಷಿಗೆ ಹಚ್ಚಿದ. "ಎಂತಣ್ಣ ಈ ಹೊತ್ತಿಗೆ? ಇಲ್ಲಿ ಒಳ್ಳೇದುಂಟು ಕಡಲು," ಎಂದಳು ಅವಳು. ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ನೀನು ರಸ್ತೆಯ ಮೇಲೆ ಹೋಗಿ ನಿಲ್ಲು, ಏನೂ ಕೇಳಬೇಡ ಎಂದು ಹೇಳಿ ಇಟ್ಟ. ಇಡ್ಲಿಗೆ ಬಂದವರು ಕೌಂಟರ್ ತಟ್ಟುತ್ತಿದ್ದರು, ಅವನಿಗೆ ಅದು ಯಾವುದೋ ಬೇರೆ ಮನೆಯ ಬಾಗಿಲು ತಟ್ಟಿದಂತೆ ಕೇಳಿತು.

ಹತ್ತೂ ಐವತ್ತಕ್ಕೆ, ಒಂಬತ್ತನೇ ಸಲಕ್ಕೆ, ಹಿತೇಶ ಸಿಕ್ಕಿದ. ದಡಕ್ಕೆ ಹತ್ತಿರವಾಗುತ್ತಿದ್ದಾನೆಂದು ಅದರಲ್ಲೇ ತಿಳಿಯಿತು. ಎಂಜಿನ್ನಿನ ಸದ್ದಿನ ನಡುವೆ ಅವನು ನಗುತ್ತಿದ್ದ. "ಮಾವ, ಇವತ್ತು ಒಳ್ಳೆ ಮೀನು. ನಿಮ್ಮ ಬಾಯಿ ಹರಕೆ."

ತನಿಯಪ್ಪ ಫೋನಿನ ಸ್ಪೀಕರ್ ಹಾಕಿ ಅದನ್ನು ಅಪೂರ್ವಾ ಅವರ ಮುಂದೆ ಹಿಡಿದ. ನಿಜ ಗೊತ್ತಿದ್ದವರು ನಿಜ ಹೇಳಲಿ, ಇಪ್ಪತ್ತೇಳು ವರ್ಷದ ನಾಟಕ ಇಲ್ಲಿಗೆ ಮುಗಿಯಲಿ ಎಂದು ಅವನು ನಿಶ್ಚಯಿಸಿದ್ದ. ಮಾತು ತುಳುವಿನಲ್ಲಿ ಶುರುವಾಗಿತ್ತು, ಮೇಡಂಗೆ ತಿಳಿಯಲೆಂದು ಕನ್ನಡಕ್ಕೆ ತಿರುಗಿಸಿದ. "ಹಿತೇಶ, ಇಲ್ಲಿ ಮೇಡಂ ಇದ್ದಾರೆ. ಅವರು ಹೇಳುದನ್ನು ಕೇಳು."

ಅಪೂರ್ವಾ ಸ್ಪಷ್ಟವಾಗಿ ಹೇಳಿದರು. ದಡಕ್ಕೆ ಬರಬೇಡಿ, ಅಲೆ ಒಡೆಯುತ್ತೆ, ಹೊರಗೇ ಇರಿ, ಇಲ್ಲದಿದ್ದರೆ ಮಲ್ಪೆ ಬಂದರಿಗೆ ಹೋಗಿ, ಅಲ್ಲಿ ಆಳ ಇದೆ, ಕಲ್ಲಿನ ಅಡ್ಡಗಟ್ಟೆ ಇದೆ.

"ನೀವು ಯಾರು?" ಎಂದ ಹಿತೇಶ.

"ನಾನು ಇಲ್ಲಿ ವಿಜ್ಞಾನಿ."

"ಅದು ಸರಿ. ನಮ್ಮ ಮಾವ ಬೆಳಿಗ್ಗೆ ಏನೂ ಇಲ್ಲ ಅಂದಿದ್ದಾರೆ. ಅವರು ನಿಮ್ಮ ಆಫೀಸಿನಲ್ಲಿ ದೊಡ್ಡ ಆಫೀಸರು. ಫೋನು ಅವರಿಗೆ ಕೊಡಿ. ಅವರು ಹೇಳದೆ ಮಲ್ಪೆಗೆ ಹೋಗಿ ಡೀಸೆಲ್ ಸುಡ್ಲಿಕ್ಕೆ ಆಗುದಿಲ್ಲ. ದಡ ಕಾಣ್ತಾ ಉಂಟು ನಮಗೆ. ಕಡಲು ಚೆನ್ನಾಗಿ ಉಂಟು."

ಅಪೂರ್ವಾ ತಲೆ ಎತ್ತಿ ತನಿಯಪ್ಪನನ್ನು ನೋಡಿದರು. ಹಿಟ್ಟು ಮೆತ್ತಿದ ಏಪ್ರನ್, ಹೆಗಲ ಮೇಲೆ ಒದ್ದೆ ಬಟ್ಟೆ. ಇನ್ನು ನಿಜ ಹೇಳಿದರೆ, ನಾನು ಆಫೀಸರನಲ್ಲ ಮಗಾ ಎಂದರೆ, ಅದನ್ನು ನಂಬಿಸಲಿಕ್ಕೇ ಹತ್ತು ನಿಮಿಷ ಬೇಕು. ಅಷ್ಟರಲ್ಲಿ ದೋಣಿ ದಡದ ಬುಡಕ್ಕೆ ಬಂದಿರುತ್ತದೆ. ನಿಜ ಹೇಳಲು ತೆರೆದ ಬಾಯಿಂದಲೇ ಅವನು ಅತಿ ದೊಡ್ಡ ಸುಳ್ಳು ಹೇಳಬೇಕಾಯಿತು.

"ಹಿತೇಶ, ನಾನು ಹೇಳುದು. ಆಫೀಸಿನಿಂದಲೇ ಹೇಳುದು," ಎಂದ ಗಟ್ಟಿಯಾಗಿ. "ಬೆಳಿಗ್ಗೆ ಹೇಳಿದ್ದು ಬೇರೆ, ಈಗ ಬಂದ ರಿಪೋರ್ಟ್ ಬೇರೆ. ಈ ಮೇಡಂ ನನ್ನ ಕೈಕೆಳಗೆ ಇರುವವರು. ನಾನೇ ಅವರಿಗೆ ಹೇಳ್ಲಿಕ್ಕೆ ಹೇಳಿದ್ದು. ದಡದ ಕಡೆ ಮುಖ ಹಾಕ್ಬೇಡ. ಹನ್ನೊಂದು ದೋಣಿಯನ್ನೂ ತಿರುಗಿಸು. ಮಲ್ಪೆ."

"ಆಯ್ತು ಮಾವ," ಎಂದ ಹಿತೇಶ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವನು ಬೇರೆ ದೋಣಿಗಳಿಗೆ ಕೂಗುವುದು ಕೇಳಿಸಿತು, ಆಮೇಲೆ ಫೋನು ಸತ್ತಿತು.

ತನಿಯಪ್ಪ ಅಕ್ಕಿಯ ಚೀಲದ ಮೇಲೆ ಕುಳಿತ. ಅಪೂರ್ವಾ ಕೌಂಟರಿನ ಒಳಗೆ ಬಂದು ಗ್ಯಾಸ್ ಆರಿಸಿದರು. ಉಕ್ಕಿದ ಹಾಲು ಒಲೆಯ ತುಂಬ ಹರಿದಿತ್ತು. "ನಿಮ್ಮ ಕೈಕೆಳಗೆ ಎಷ್ಟು ವರ್ಷದಿಂದ ಇದ್ದೀನಿ ಸಾರ್?" ಎಂದು ಅವರು ಕೇಳಿದಾಗ ಅವನು ಅತ್ತುಬಿಟ್ಟ. ಆಗ ಎಂಟು ಲೋಟದಿಂದ ಹಿಡಿದು ಬೀಗದವರೆಗೆ ಎಲ್ಲವನ್ನೂ ಹೇಳಿದ. ಅವರು ನಗುತ್ತಾರೆಂದುಕೊಂಡಿದ್ದ, ನಗಲಿಲ್ಲ. ಎಂಟು ಯಾವ ವರ್ಷ ಹದಿನಾಲ್ಕಾಯಿತು ಎಂದು ಮಾತ್ರ ಎರಡು ಸಲ ಕೇಳಿದರು.

ಮಧ್ಯಾಹ್ನ ಒಂದೂವರೆಗೆ ಲೋಲಾಕ್ಷಿಯ ಫೋನು ಬಂತು. ಬಿಸಿಲು ಸುಡುತ್ತಿದ್ದಾಗಲೇ, ಒಂದು ಎಲೆಯೂ ಅಲುಗದಿದ್ದಾಗಲೇ, ಕಡಲು ಎದ್ದು ಬಂತಂತೆ. ಕರಿಕಲ್ಲನ್ನು ದಾಟಿ, ಕೊನೆಯ ಸಾಲಿನ ನಾಲ್ಕು ತೆಂಗನ್ನು ಬುಡಸಮೇತ ಕಿತ್ತು, ಅಡುಗೆಮನೆಯ ಗೋಡೆ ಕೆಡವಿ, ಒಲೆಯಲ್ಲಿ ಮರಳು ತುಂಬಿಸಿ ಹೋಯಿತಂತೆ. ಅವಳು ರಸ್ತೆಯ ಮೇಲೆ ನಿಂತು ನೋಡಿದಳಂತೆ. ಹುಡುಗರೆಲ್ಲ ಮಲ್ಪೆಯಲ್ಲಿ ಕ್ಷೇಮ.

"ಅಣ್ಣ, ಗಾಳಿ ಇಲ್ಲದೆ ಕಡಲು ಏಳುದು ಹೇಗೆ? ನಿನ್ನ ಆಫೀಸಿನವರು ಎಂತ ಹೇಳ್ತಾರೆ?"

ದಕ್ಷಿಣ ಧ್ರುವದಿಂದ ಶುರು ಮಾಡಿ ಅವನು ಏನೇನೋ ಹೇಳಿದ. ಅವಳಿಗೂ ಅರ್ಥವಾಗಲಿಲ್ಲ, ಹೇಳಿದವನಿಗೂ ಆಗಲಿಲ್ಲ.

ಮಾರನೆಯ ಬೆಳಿಗ್ಗೆ ಐದೂವರೆಗೆ ಅವನು ಬಾಲ್ಕನಿಯಲ್ಲಿ ಫೋನು ಹಿಡಿದೇ ಕುಳಿತಿದ್ದ. ಇವತ್ತು ಹೇಳಿಬಿಡಿ ಎಂದು ವಸಂತಿ ಹೇಳಿದ್ದಳು. ಹೇಳಲು ಅವನು ಸಿದ್ಧನಾಗಿದ್ದ, ಮಾತನ್ನು ಎರಡು ಸಲ ಬಾಯಲ್ಲೇ ಆಡಿ ನೋಡಿಕೊಂಡಿದ್ದ. ಫೋನು ಬಂತು. ಇವತ್ತು ಕೆಮ್ಮು ಹೆಚ್ಚಿತ್ತು, ಊರೇ ಸೇರಿದ ಹಾಗಿತ್ತು.

"ಮಾವ, ಎಲ್ಲರೂ ನಿಮ್ಮದೇ ಮಾತು. ಹೋಗು ಅಂದ್ರಿ, ಮೀನು ಸಿಕ್ಕಿತು. ಬರಬೇಡ ಅಂದ್ರಿ, ಜೀವ ಉಳಿಯಿತು. ಈಗ ಇಲ್ಲಿ ಕಡಲು ತಣ್ಣಗೆ ಉಂಟು, ಗಾಳಿ ಇಲ್ಲ. ನಿನ್ನೆಯೂ ಹೀಗೇ ಇತ್ತು. ಇವತ್ತು ಎಂತ?"

"ನನಗೆ ಗೊತ್ತಿಲ್ಲ ಮಗಾ," ಎಂದ ತನಿಯಪ್ಪ.

ಆ ಕಡೆ ಕೆಮ್ಮು ನಿಂತಿತು.

"ಎಂತ ಹೇಳಿದ್ರಿ ಮಾವ?"

"ಗೊತ್ತಿಲ್ಲ ಅಂದೆ. ನನಗೆ ಯಾವತ್ತೂ ಗೊತ್ತಿರಲಿಲ್ಲ. ಕೇಳು, ನಾನು ಅಲ್ಲಿ ಆಫೀಸರ ಅಲ್ಲ, ನಾನು..."

ಆದರೆ ಹಿತೇಶ ಫೋನನ್ನು ಕಿವಿಯಿಂದ ತೆಗೆದಾಗಿತ್ತು. ಅವನ ಕೂಗು ದೂರದಿಂದ ಕೇಳಿತು: "ಮಾವನಿಗೇ ಗೊತ್ತಿಲ್ಲವಂತೆ. ದಿಲ್ಲಿ ಆಫೀಸಿನವರಿಗೇ ಗೊತ್ತಿಲ್ಲವಂತೆ. ಎಳೀರಿ, ಎಳೀರಿ, ರಸ್ತೆಯವರೆಗೆ ಎಳೀರಿ." ಆಮೇಲೆ ಹತ್ತಾರು ಕಂಠಗಳು ಒಟ್ಟಿಗೆ ದನಿಗೂಡಿಸಿ ದೋಣಿ ಎಳೆಯುವ ಸದ್ದು, ಮರಳಿನ ಮೇಲೆ ಮರ ತಿಕ್ಕುವ ಸದ್ದು. ಇಪ್ಪತ್ತೇಳು ವರ್ಷದಲ್ಲಿ ಯಾವ ಬಿರುಗಾಳಿಗೂ ಅವರು ದೋಣಿಯನ್ನು ರಸ್ತೆಯವರೆಗೆ ಎಳೆದಿರಲಿಲ್ಲ. ತನಿಯಪ್ಪ ಎರಡು ಸಲ "ಹಲೋ" ಎಂದ, ಯಾರೂ ಕೇಳಿಸಿಕೊಳ್ಳಲಿಲ್ಲ.

ವಸಂತಿ ಬಾಗಿಲಿಗೆ ಬಂದು ನಿಂತಳು. "ಹೇಳಿದ್ರಾ?"

"ಹೇಳಿದೆ. ಗೊತ್ತಿಲ್ಲ ಅಂದೆ."

"ಅವರು ಎಂತ ಅಂದ್ರು?"

"ದೋಣಿ ರಸ್ತೆಗೆ ಎಳೀತಾ ಇದ್ದಾರೆ. ಎಚ್ಚರಿಕೆ ಅಂತ ತಿಳ್ಕೊಂಡ್ರು. ಕಡಲು ತಣ್ಣಗೆ ಉಂಟಂತೆ." ಅವನು ಫೋನನ್ನು ತಿರುಗಿಸಿ ತಿರುಗಿಸಿ ನೋಡಿದ. "ತಪ್ಪು ತಿಳ್ಕೊಂಡ್ರು ವಸಂತಿ."

ವಸಂತಿ ಬಾಲ್ಕನಿಯಿಂದ ಬಗ್ಗಿ ನೋಡಿದಳು. ಕೆಳಗೆ ಹಾಲಿನ ಭಯ್ಯಾ ಬಂದು ಕ್ರೇಟು ಇಳಿಸುತ್ತಿದ್ದ.

"ಅದರಲ್ಲಿ ತಪ್ಪು ಎಂತ ಉಂಟು?" ಎಂದಳು.

ಮೆಟ್ರೋದ ಹೊತ್ತಾಗಿತ್ತು, ತನಿಯಪ್ಪ ಎದ್ದು ಸ್ನಾನಕ್ಕೆ ಹೋದ.